ಪರಿಹಾರದ ಹಣ ಯಾರ ಕೈ ಸೇರಿತು?

(ಕ್ಯಾಂಪ್‌ಬೆಲ್‌ನಲ್ಲಿ ನಡೆದ ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರಾದ ನಾವು ರೈತರ ಸಹಾಯಧನದ ವಿಷಯವಾಗಿ ಮಾತನಾಡಲು ನಿಂತರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡಿ, ರೋಗಿಗಳ ನಡುವೆಯೇ ವಯಸ್ಸು ಕಳೆದವರಿಗೆ ಮೆಕ್ಕೆಜೋಳದ ಬೆಲೆಯ ಚಿಂತೆ ಏಕೆ ಎಂದು ಕೇಳುವುದು ನ್ಯಾಯವೇ. ಆದರೆ 2020ರ ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ ರೋಗ ತಟ್ಟದ ಮನೆಗೂ ನಷ್ಟ ತಟ್ಟಿತು. ಆ ನಷ್ಟಕ್ಕೆ ಸರ್ಕಾರಗಳು ಮದ್ದನ್ನೂ ಹುಡುಕಿದವು. ಮದ್ದು ಎಂದ ಮೇಲೆ ವೈದ್ಯನಿಗೆ ಸಹಜವಾಗಿ ಮೂರು ಪ್ರಶ್ನೆಗಳು ಏಳುತ್ತವೆ: ಅದರ ಪ್ರಮಾಣವನ್ನು ಯಾವ ಅಳತೆಯಿಂದ ನಿರ್ಧರಿಸಿದರು? ಅದು ರೋಗಿಯನ್ನು ಮುಟ್ಟಿತೇ? ಮುಟ್ಟದೆ ಹೋದವರು ಯಾರು?

ಈ ಮೂರು ಪ್ರಶ್ನೆಗಳನ್ನು ನಾವು ಎರಡು ನಾಡುಗಳಿಗೆ ಕೇಳಬೇಕೆಂದಿದ್ದೇವೆ. ಒಂದು, ನಾವು ನೆಲೆಸಿರುವ ಕ್ಯಾಲಿಫೋರ್ನಿಯ. ಮತ್ತೊಂದು, ನಾವು ಹುಟ್ಟಿ ಬೆಳೆದ ಕರ್ನಾಟಕ. ಕೊನೆಯಲ್ಲಿ, ಊರಿನಲ್ಲಿ ಇನ್ನೂ ಒಂದಿಷ್ಟು ಜಮೀನನ್ನು ಉಳಿಸಿಕೊಂಡಿರುವ ನಮ್ಮಂಥ ಕುಟುಂಬಗಳಿಗೆ ಈ ವಿಚಾರ ಎಷ್ಟು ಹತ್ತಿರದ್ದೆಂಬುದನ್ನೂ ಹೇಳುತ್ತೇವೆ.

ನಾವು ಕುಳಿತಿರುವ ನೆಲ

ಈ ಸಭೆ ಸೇರಿರುವ ಕ್ಯಾಂಪ್‌ಬೆಲ್ ಒಂದು ಕಾಲಕ್ಕೆ ತೋಟಗಳ ಊರು. ಹಣ್ಣಿನ ತೋಟಗಳ ನಗರವೆಂಬ ಬಿರುದು ಅದಕ್ಕೆ ಇಂದಿಗೂ ಇದೆ. ಪ್ರೂನ್ ಮತ್ತು ಏಪ್ರಿಕಾಟ್ ಹಣ್ಣುಗಳನ್ನು ಇಲ್ಲಿಯೇ ಬೆಳೆದು, ಒಣಗಿಸಿ, ಡಬ್ಬಿಗಳಲ್ಲಿ ತುಂಬಿ ದೂರದ ದೇಶಗಳಿಗೆ ಕಳುಹಿಸುತ್ತಿದ್ದರು. ಐನ್ಸ್‌ಲಿ ಎಂಬಾತ ನಡೆಸುತ್ತಿದ್ದ ಹಣ್ಣಿನ ಡಬ್ಬಿ ಕಾರ್ಖಾನೆ ಈ ಊರಿನ ದೊಡ್ಡ ಉದ್ಯಮವಾಗಿತ್ತು. ಆತನ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ನಮ್ಮ ಮಕ್ಕಳು ಸಿನಿಮಾ ನೋಡಲು, ಕಾಫಿ ಕುಡಿಯಲು ಹೋಗುವ ಪ್ರೂನ್‌ಯಾರ್ಡ್ ಎಂಬ ಅಂಗಡಿ ಸಂಕೀರ್ಣದ ಹೆಸರಿನಲ್ಲಿ ಆ ತೋಟಗಳ ನೆನಪು ಉಳಿದಿದೆ.

ತೋಟಗಳು ಹೋದವು ಎಂದ ಮಾತ್ರಕ್ಕೆ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಬೇಸಾಯವೇ ಅಳಿಯಿತೆಂದು ಭಾವಿಸಬಾರದು. ದಕ್ಷಿಣಕ್ಕೆ ಹೋದರೆ ಮಾರ್ಗನ್ ಹಿಲ್, ಗಿಲ್ರಾಯ್ ಊರುಗಳಲ್ಲಿ ಹೊಲಗಳು, ಹಸಿರುಮನೆಗಳು ಇನ್ನೂ ಕಾಣುತ್ತವೆ. ಅಲ್ಲಿನ ಸಣ್ಣ ಬೇಸಾಯಗಾರರಲ್ಲಿ ಚೀನೀ ಮೂಲದ ಕುಟುಂಬಗಳು ಅನೇಕ. ಇವರ ಹಿರಿಯರು ಈ ಕಣಿವೆಯಲ್ಲಿ ಸೇವಂತಿಗೆ ಬೆಳೆಯುತ್ತಿದ್ದರು. 1991ರಲ್ಲಿ ಅಮೆರಿಕವು ಕೊಲಂಬಿಯಾ ಮೊದಲಾದ ಆಂಡೀಸ್ ಪ್ರದೇಶದ ದೇಶಗಳಿಗೆ ಸುಂಕದ ರಿಯಾಯಿತಿ ಕೊಟ್ಟ ಮೇಲೆ ಅಗ್ಗದ ಹೂವು ವಿಮಾನದಲ್ಲಿ ಬಂದಿಳಿಯಿತು. ಹೂವಿನವರಲ್ಲಿ ಎಷ್ಟೋ ಮಂದಿ ಸೊಪ್ಪು ತರಕಾರಿಗಳಿಗೆ ಹೊರಳಿದರು. ಇನ್ನೂ ಕೆಳಗೆ ಇಳಿದರೆ ಸ್ಯಾನ್ ಬೆನಿಟೋ ಕೌಂಟಿ, ಅದರಾಚೆ ಮಾಂಟೆರೆ ಕೌಂಟಿಯ ಸಲಿನಾಸ್ ಕಣಿವೆ. ನಾವು ತಿನ್ನುವ ಲೆಟ್ಯೂಸ್, ಸ್ಟ್ರಾಬೆರಿಗಳು ಬರುವುದು ಅಲ್ಲಿಂದ. ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

ಬೆಳೆ ಇತ್ತು, ಕೊಳ್ಳುವವರಿರಲಿಲ್ಲ

ಬರಗಾಲದಲ್ಲಿ ಬೆಳೆ ಕೈಗೆ ಬರುವುದಿಲ್ಲ. 2020ರಲ್ಲಿ ಬೆಳೆ ಕೈಗೆ ಬಂದಿತ್ತು, ಮಾರುಕಟ್ಟೆ ಮುಚ್ಚಿತ್ತು. ಮಾರ್ಚ್ 16ರಂದು ಬೇ ಏರಿಯಾದ ಆರು ಕೌಂಟಿಗಳು ಜನರು ಮನೆಯಲ್ಲಿಯೇ ಇರಬೇಕೆಂದು ಆಜ್ಞೆ ಹೊರಡಿಸಿದವು. ಉಪಾಹಾರ ಗೃಹಗಳು, ಶಾಲೆಗಳು, ಕಂಪನಿಗಳ ಊಟದ ಮನೆಗಳು ಒಮ್ಮೆಗೇ ನಿಂತವು. ಶಾಲೆಯ ಮಕ್ಕಳಿಗೆಂದು ಸಣ್ಣ ಪೆಟ್ಟಿಗೆಗಳಲ್ಲಿ ತುಂಬುವ ಹಾಲನ್ನು ಒಂದೇ ದಿನದಲ್ಲಿ ಅಂಗಡಿಯ ದೊಡ್ಡ ಡಬ್ಬಗಳಿಗೆ ತಿರುಗಿಸಲಾಗುವುದಿಲ್ಲ. ಆದಕಾರಣ ಒಂದು ಕಡೆ ಅಂಗಡಿಯಲ್ಲಿ ಹಾಲಿಲ್ಲ, ಇನ್ನೊಂದು ಕಡೆ ಡೈರಿಯವರು ಹಾಲನ್ನು ಚರಂಡಿಗೆ ಚೆಲ್ಲುತ್ತಿದ್ದರು.

ಅತ್ತ ಭಾರತದಲ್ಲಿ ಲಾಕ್‌ಡೌನ್ ಆರಂಭವಾದುದು ಮಾರ್ಚ್ 25ರಂದು. ಅಂದು ಯುಗಾದಿ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಹೂವಿನ ಬೆಳೆಗಾರರಿಗೆ ಯುಗಾದಿಯಿಂದ ಮದುವೆಯ ದಿನಗಳು ಮುಗಿಯುವವರೆಗೆ ಸುಗ್ಗಿಯ ಕಾಲ. ಆ ವರ್ಷ ದೇವಸ್ಥಾನದ ಬಾಗಿಲು ಹಾಕಿತ್ತು, ಮದುವೆಗಳು ಮುಂದಕ್ಕೆ ಹೋಗಿದ್ದವು, ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ಮುಚ್ಚಿತ್ತು. ಹೂವನ್ನು ಗೋದಾಮಿನಲ್ಲಿ ಕೂಡಿಡಲಾಗದು. ರೈತರು ಅರಳಿದ ಹೂವನ್ನು ತಿಪ್ಪೆಗೆ ಸುರಿದರು. ಕೆಲವರು ಗಿಡವನ್ನೇ ಕಿತ್ತರು.

ದಾವಣಗೆರೆ, ಹಾವೇರಿಗಳ ಮೆಕ್ಕೆಜೋಳದ ಕಥೆ ವೈದ್ಯರು ವಿಶೇಷವಾಗಿ ತಿಳಿಯಬೇಕಾದುದು. ಕೋಳಿ ತಿಂದರೆ ಕೊರೋನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ಕೋಳಿಮಾಂಸ ಕೇಳುವವರಿಲ್ಲದಾಯಿತು. ಅದರ ಜೊತೆಗೆ ಹಕ್ಕಿಜ್ವರದ ಭೀತಿಯೂ ಸೇರಿತು. ಕೋಳಿ ಸಾಕುವವರು ನೆಲ ಕಚ್ಚಿದರೆ ಕೋಳಿಯ ಮೇವಾದ ಮೆಕ್ಕೆಜೋಳವನ್ನು ಕೊಳ್ಳುವವರು ಯಾರು? ಕ್ವಿಂಟಾಲಿಗೆ 1,760 ರೂಪಾಯಿ ಕನಿಷ್ಠ ಬೆಂಬಲ ಬೆಲೆ ಇದ್ದ ಆ ಧಾನ್ಯ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಯಿತು. ವೈದ್ಯಕೀಯದ ಒಂದು ಸುಳ್ಳು ಎಲ್ಲಿಯೋ ಹುಟ್ಟಿ, ಹೊಲದ ಕಣಜದವರೆಗೆ ಹೋಗಿ ಮುಟ್ಟಿತು.

ಅಮೆರಿಕದ ಅಳತೆ

ಅಮೆರಿಕದ ಕೃಷಿ ಇಲಾಖೆ 2020ರ ಏಪ್ರಿಲ್ 17ರಂದು 1,900 ಕೋಟಿ ಡಾಲರುಗಳ ಕೊರೋನಾ ಆಹಾರ ನೆರವು ಕಾರ್ಯಕ್ರಮವನ್ನು ಪ್ರಕಟಿಸಿತು. ಅದರಲ್ಲಿ 1,600 ಕೋಟಿ ಬೆಳೆಗಾರರಿಗೆ ನೇರ ಪಾವತಿ; ಉಳಿದ 300 ಕೋಟಿ ಹಾಲು, ತರಕಾರಿ, ಮಾಂಸಗಳನ್ನು ಕೊಂಡು ಪೆಟ್ಟಿಗೆಗಳಲ್ಲಿ ತುಂಬಿ ಬಡಕುಟುಂಬಗಳಿಗೆ ಹಂಚಲು. ಈ ಆಹಾರದ ಪೆಟ್ಟಿಗೆಗಳ ಯೋಜನೆ ಮುಂದೆ ಬೆಳೆದು, 2021ರ ಮೇ ತಿಂಗಳಲ್ಲಿ ಮುಗಿಯುವ ಹೊತ್ತಿಗೆ 17 ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಹಂಚಿಕೆಯಾಗಿದ್ದವು.

ನೇರ ಪಾವತಿಯ ಅರ್ಜಿಗಳನ್ನು ಮೇ 26ರಿಂದ ಕೃಷಿ ಸೇವಾ ಕಚೇರಿಗಳಲ್ಲಿ ತೆಗೆದುಕೊಂಡರು. ಹಾಲಿಗೆ ಇಷ್ಟು, ದನಕ್ಕೆ ಇಷ್ಟು, ಬೆಲೆ ಕುಸಿದ ಒಂದೊಂದು ಹಣ್ಣು ತರಕಾರಿಗೆ ಪೌಂಡಿಗೆ ಇಷ್ಟು ಎಂದು ದರ ಗೊತ್ತುಮಾಡಿದರು. ಮೊದಲು ಶೇಕಡ 80ರಷ್ಟು ಕೊಟ್ಟು, ಉಳಿದುದನ್ನು ಆಮೇಲೆ ಸಲ್ಲಿಸಿದರು. ಮೊದಲ ಪಟ್ಟಿಯಲ್ಲಿ ಹೂವಿಗೆ ಸ್ಥಾನವಿರಲಿಲ್ಲ. ಕತ್ತರಿಸಿ ಮಾರುವ ಹೂವು ಮತ್ತು ನರ್ಸರಿ ಗಿಡಗಳು ಪಟ್ಟಿ ಸೇರಿದುದು ಆಗಸ್ಟ್ 11ರಂದು. ವಸಂತದ ಹೂವು ಕೊಳೆತು ಗೊಬ್ಬರವಾದ ಎಷ್ಟೋ ದಿನಗಳ ಮೇಲೆ.

ಸೆಪ್ಟೆಂಬರಿನಲ್ಲಿ ಬಂದ ಎರಡನೆಯ ಕಂತಿನಲ್ಲಿ ಹಣ್ಣು, ತರಕಾರಿ, ಹೂವುಗಳಿಗೆ ಸರಳವಾದ ಲೆಕ್ಕ ಬಂದಿತು. 2019ರಲ್ಲಿ ರೈತನು ಎಷ್ಟು ಮಾರಿದ್ದನೋ ಅದರ ಮೇಲೆ ಶೇಕಡಾವಾರು ಪಾವತಿ. ಮೊದಲ 50,000 ಡಾಲರಿನವರೆಗೆ ಶೇಕಡ 10.6, ಅಲ್ಲಿಂದ ಒಂದು ಲಕ್ಷದವರೆಗೆ 9.9, ಐದು ಲಕ್ಷದವರೆಗೆ 9.7, ಹತ್ತು ಲಕ್ಷದವರೆಗೆ 9.0, ಅದರ ಮೇಲೆ 8.8. ಒಬ್ಬನಿಗೆ ಹೆಚ್ಚೆಂದರೆ ಎರಡೂವರೆ ಲಕ್ಷ ಡಾಲರ್.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 40,000 ಡಾಲರಿನ ಸೊಪ್ಪು ಮಾರುವ ಕುಟುಂಬಕ್ಕೆ ಸಿಕ್ಕುವುದು 4,240 ಡಾಲರ್. ಮೂವತ್ತು ಲಕ್ಷ ಡಾಲರಿನ ವಹಿವಾಟು ಇದ್ದವನಿಗೆ ಲೆಕ್ಕದಲ್ಲಿ ಬರುವುದು ಸುಮಾರು 2,70,000. ಮಿತಿ ಇರುವುದರಿಂದ ಕೈಗೆ ಬರುವುದು 2,50,000. ಸಣ್ಣವನಿಗೆ ಶೇಕಡಾವಾರಿನಲ್ಲಿ ತುಸು ಹೆಚ್ಚು ಎಂಬುದು ನಿಜ. ಆದರೆ ಹಣ ಹೆಚ್ಚಾಗಿ ಹರಿದುದು ದೊಡ್ಡ ವಹಿವಾಟಿನ ಕಡೆಗೇ. ಮಕ್ಕಳಿಗೆ ಮದ್ದು ಕೊಡುವಾಗ ನಾವು ತೂಕ ನೋಡಿ ಪ್ರಮಾಣ ಹೇಳುತ್ತೇವೆ. ಅಮೆರಿಕ ಸರ್ಕಾರವೂ ತೂಕ ನೋಡಿಯೇ ಕೊಟ್ಟಿತು. ತೂಕದವನಿಗೆ ಕಾಯಿಲೆಯನ್ನು ತಾಳುವ ಶಕ್ತಿಯೂ ಹೆಚ್ಚೆಂಬುದನ್ನು ಈ ಅಳತೆ ಗಣಿಸುವುದಿಲ್ಲ. 2020ರಲ್ಲಿ ಎಲ್ಲ ಬಗೆಯ ನೇರ ಪಾವತಿಗಳು ಸೇರಿ ಈ ದೇಶದ ಕೃಷಿಕರಿಗೆ ಸುಮಾರು 4,600 ಕೋಟಿ ಡಾಲರ್ ಸಂದಿತು.

ಹಾಗಿದ್ದರೂ ಅಮೆರಿಕದ ನಿಯಮದಲ್ಲಿ ಮೆಚ್ಚತಕ್ಕ ಒಂದು ಅಂಶವಿದೆ. ಇದನ್ನು ಮುಂದಿನ ಮಾತಿಗಾಗಿ ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಈ ನೆರವಿಗೆ ಅರ್ಹನಾಗುವವನು ಬೆಳೆಯ ಲಾಭನಷ್ಟದ ಹೊಣೆಯನ್ನು ಹೊತ್ತವನು. ನೆಲವನ್ನು ನಗದು ಬಾಡಿಗೆಗೆ ಕೊಟ್ಟು ಸುಮ್ಮನೆ ಕುಳಿತ ಮಾಲೀಕನಿಗೆ ಹಣವಿಲ್ಲ. ಬಾಡಿಗೆ ಕೊಟ್ಟು ಬೆಳೆದವನಿಗೆ ಉಂಟು. ನೆಲ ಯಾರದು ಎಂದು ಕೇಳದೆ, ನಷ್ಟ ಯಾರದು ಎಂದು ಕೇಳುವ ನಿಯಮ ಇದು.

ಕರ್ನಾಟಕದ ಅಳತೆ

ಕರ್ನಾಟಕದಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು 2020ರ ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿದರು. ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಅಮೆರಿಕದಲ್ಲಿ ಆಗಸ್ಟಿನವರೆಗೆ ಕಾದ ಹೂವು ಕರ್ನಾಟಕದ ಮೊದಲ ಪಟ್ಟಿಯಲ್ಲೇ ಇತ್ತು. ಹೂವಿಲ್ಲದೆ ಪೂಜೆಯಿಲ್ಲ, ಮದುವೆಯಿಲ್ಲ, ಮುಡಿಯಿಲ್ಲವೆಂಬ ನಾಡಿನಲ್ಲಿ ಹೂವಿನವರ ಸಂಕಟ ಎಲ್ಲರ ಕಣ್ಣಿಗೂ ಬಿದ್ದಿತ್ತು. ಹೂವಿನ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ, ಒಬ್ಬ ರೈತನಿಗೆ ಒಂದು ಹೆಕ್ಟೇರಿನವರೆಗೆ ಮಾತ್ರ. ಸರ್ಕಾರದ ಅಂದಾಜಿನಂತೆ ಹೂವಿನ ಬೆಳೆ ಇದ್ದುದು 11,687 ಹೆಕ್ಟೇರಿನಲ್ಲಿ. ಬಳಿಕ ಹಣ್ಣು ತರಕಾರಿಗಳಿಗೆ ಹೆಕ್ಟೇರಿಗೆ 15,000 ರೂಪಾಯಿ. ಅನಂತರ ಹತ್ತು ಲಕ್ಷ ಮೆಕ್ಕೆಜೋಳದ ರೈತರಿಗೆ ತಲಾ 5,000ದಂತೆ 500 ಕೋಟಿ ರೂಪಾಯಿ. 2021ರಲ್ಲಿ ಎರಡನೆಯ ಅಲೆ ಬಂದಾಗ ಮೇ 19ರಂದು ಘೋಷಿಸಿದ 1,250 ಕೋಟಿಯ ಪರಿಹಾರದಲ್ಲಿ ಹೂವು, ಹಣ್ಣು, ತರಕಾರಿಗಳಿಗೆ ಹೆಕ್ಟೇರಿಗೆ 10,000 ರೂಪಾಯಿ ಗೊತ್ತಾಯಿತು.

ಇಲ್ಲಿ ಅಳತೆ ಬೇರೆ. ಹತ್ತು ಹೆಕ್ಟೇರ್ ಹೂವು ಬೆಳೆದವನಿಗೂ 25,000, ಒಂದು ಹೆಕ್ಟೇರ್ ಬೆಳೆದವನಿಗೂ ಅಷ್ಟೇ. ಸಣ್ಣ ಹಿಡುವಳಿಯವನ ಪಾಲಿಗೆ ಇದು ಹೆಚ್ಚು ಸಮಾನವಾದ ಕ್ರಮ. ಆದರೆ ಆ ಕಾಲದ ವಿನಿಮಯ ದರದಲ್ಲಿ 25,000 ರೂಪಾಯಿ ಎಂದರೆ ಸುಮಾರು 330 ಡಾಲರ್. ಸಸಿ, ಗೊಬ್ಬರ, ಔಷಧಿ, ಹನಿ ನೀರಾವರಿಯ ಕೊಳವೆ, ಕೀಳುವ ಕೂಲಿ ಎಲ್ಲಕ್ಕೂ ಸಾಲ ಮಾಡಿದವನಿಗೆ ಅದು ಬಡ್ಡಿಗೆ ಸಾಲಬಹುದೇ ಹೊರತು ಅಸಲಿಗಲ್ಲ. ಅಮೆರಿಕ ತೂಕ ನೋಡಿ ಮದ್ದು ಕೊಟ್ಟಿತೆಂದೆವು. ಕರ್ನಾಟಕ ಎಲ್ಲರಿಗೂ ಒಂದೊಂದು ಚಮಚ ಕೊಟ್ಟಿತು. ಬೊಕ್ಕಸದ ಶಕ್ತಿಯೂ ಅಷ್ಟೇ ಇತ್ತೆಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಹಣ ತಲುಪಿಸುವ ವಿಧಾನ ಮಾತ್ರ ಶ್ಲಾಘನೀಯವಾಗಿತ್ತು. 2000ರ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಿಂದ ಕರ್ನಾಟಕದ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂಬುದನ್ನು ದಾಖಲಿಸುವ ಬೆಳೆ ಸಮೀಕ್ಷೆ ನಡೆಯುತ್ತಿತ್ತು. ರೈತನ ಬ್ಯಾಂಕ್ ಖಾತೆಗೆ ಆಧಾರ್ ಸಂಖ್ಯೆ ಜೋಡಣೆಯಾಗಿತ್ತು. ಈ ಮೂರೂ ಸರಿಯಾಗಿದ್ದವನಿಗೆ ತಾಲ್ಲೂಕು ಕಚೇರಿ ಅಲೆಯದೆ, ಮಧ್ಯವರ್ತಿಯ ಕೈಬಿಸಿ ಮಾಡದೆ ಹಣ ನೇರವಾಗಿ ಖಾತೆಗೆ ಬಂದಿತು. ಒಂದಾದರೂ ಸರಿಯಿಲ್ಲದವನು ಹೊರಗುಳಿದ. ಅಂಥವರು ಯಾರೆಂಬುದೇ ಈ ಉಪನ್ಯಾಸದ ತಿರುಳು.

ಕಾಗದದಲ್ಲಿ ಇಲ್ಲದವರು

ಮೊದಲನೆಯವನು ಗೇಣಿಗೋ ವಾರಕ್ಕೋ ಉಳುವವನು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಗೊಳಿಸಿ, ಉಳುವವನಿಗೇ ಹೊಲದ ಒಡೆತನ ಕೊಟ್ಟಿತು. ಕರಾವಳಿ, ಮಲೆನಾಡುಗಳಲ್ಲಿ ಎಷ್ಟೋ ಕುಟುಂಬಗಳ ಬದುಕನ್ನೇ ಬದಲಿಸಿದ ಕಾಯಿದೆ ಅದು. ಅದರ ಹಿರಿಮೆಯನ್ನು ಕುಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಂದಿನಿಂದ ಹೊಸದಾಗಿ ಗೇಣಿಗೆ ಕೊಡುವುದಕ್ಕೆ ಕಾನೂನಿನ ಮಾನ್ಯತೆ ಇಲ್ಲದಂತಾಯಿತು. ಪದ್ಧತಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದರು, ಮುದುಕರಾದ ತಂದೆತಾಯಿಗಳಿಗೆ ಬೇಸಾಯ ಮಾಡಲಾಗದು, ನೆರೆಯವನು ಬಂದು ಉತ್ತನು. ಪಹಣಿಯಲ್ಲಿ ಸಾಗುವಳಿದಾರನ ಹೆಸರಿಗೂ ಒಂದು ಕಲಂ ಉಂಟು. ಆದರೆ ಅನ್ಯನ ಹೆಸರು ಅಲ್ಲಿ ಕುಳಿತರೆ ಮುಂದೆ ಹಕ್ಕು ಕೇಳಿಯಾನೆಂಬ ಹೆದರಿಕೆಯಿಂದ ಮಾಲೀಕರು ಅದನ್ನು ಬರೆಸಗೊಡುವುದಿಲ್ಲ. ಹೀಗಾಗಿ ಬೀಜ, ಗೊಬ್ಬರ, ಬೆವರು ಒಬ್ಬನದು. ಪಹಣಿಯ ಹೆಸರು ಇನ್ನೊಬ್ಬನದು. ಪರಿಹಾರದ ಹಣಕ್ಕೆ ಗೊತ್ತಿದ್ದುದು ಪಹಣಿಯ ಹೆಸರು ಮಾತ್ರ.

ಕೇಂದ್ರ ಸರ್ಕಾರದ ಪಿಎಂ ಕಿಸಾನ್ ಯೋಜನೆಯೂ ಇದೇ ದಾರಿಯದು. 2019ರಲ್ಲಿ ಆರಂಭವಾದ ಈ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತದೆ. 2020ರ ಏಪ್ರಿಲ್‌ನಲ್ಲಿ ಒಂದು ಕಂತನ್ನು ಮುಂಚಿತವಾಗಿಯೇ ಹಾಕಿದರು. ಆದಾಯ ತೆರಿಗೆ ಕಟ್ಟುವವರು, ವೃತ್ತಿನಿರತ ವೈದ್ಯರು, ಎಂಜಿನಿಯರುಗಳು ಈ ಹಣಕ್ಕೆ ಅರ್ಹರಲ್ಲವೆಂದು ನಿಯಮವಿದೆ. ನಮ್ಮ ಸಭೆಯಲ್ಲಿರುವ ಬಹುಮಂದಿಯನ್ನು ಕಂಡೇ ಬರೆದಂತಿದೆ. ಅದು ಸರಿಯಾದ ನಿಯಮವೇ. ಆದರೆ ನಮಗೆ ಬಾರದ ಹಣ ನಮ್ಮ ಹೊಲ ಉಳುವವನಿಗೆ ಹೋಗುವುದೇ ಎಂದರೆ, ಅದೂ ಇಲ್ಲ. ಅವನ ಹೆಸರಿನಲ್ಲಿ ನೆಲವಿಲ್ಲ.

ಎರಡನೆಯವರು ಕೂಲಿಯವರು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸ್ವಂತ ಬೇಸಾಯಗಾರರು ಸುಮಾರು 11.9 ಕೋಟಿ, ಕೃಷಿ ಕೂಲಿಕಾರರು 14.4 ಕೋಟಿ. ಹೊಲದಲ್ಲಿ ಬೆನ್ನು ಬಗ್ಗಿಸುವವರಲ್ಲಿ ಹೆಚ್ಚಿನವರಿಗೆ ಹೊಲವೇ ಇಲ್ಲ. ಹೆಕ್ಟೇರಿನ ಲೆಕ್ಕದಲ್ಲಿ ಕೊಡುವ ಯಾವ ಪರಿಹಾರವೂ ಅವರನ್ನು ಮುಟ್ಟಲಾರದು. ಅವರಿಗೆ ಉಳಿದುದು ಪಡಿತರ ಮತ್ತು ಉದ್ಯೋಗ ಖಾತ್ರಿಯ ದಿನಗೂಲಿ. ಅದು ಆ ವರ್ಷ ಕರ್ನಾಟಕದಲ್ಲಿ 275 ರೂಪಾಯಿ.

ಕ್ಯಾಲಿಫೋರ್ನಿಯದಲ್ಲಿ ಪರಿಸ್ಥಿತಿ ಬೇರೆಯಾಗಿತ್ತೇ? ಇಲ್ಲಿಯೂ ಹಣ ಬೆಳೆಗಾರನಿಗೆ ಬಂದಿತು, ಬೆಳೆ ಕೀಳುವವನಿಗಲ್ಲ. ಈ ದೇಶದ ಹೊಲಗಳಲ್ಲಿ ದುಡಿಯುವವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಇಲ್ಲಿ ಕೆಲಸ ಮಾಡುವ ಅಧಿಕೃತ ಪತ್ರಗಳಿಲ್ಲ. ಆದಕಾರಣ 2020ರ ವಸಂತದಲ್ಲಿ ಮನೆಮನೆಗೆ ಬಂದ 1,200 ಡಾಲರಿನ ಚೆಕ್ಕೂ ಅವರಿಗೆ ಬರಲಿಲ್ಲ. ಕ್ಯಾಲಿಫೋರ್ನಿಯ ಸರ್ಕಾರ ಮುಂದೆ ಬಂದು ಏಳೂವರೆ ಕೋಟಿ ಡಾಲರ್ ತೆಗೆದಿರಿಸಿ, ಪತ್ರವಿಲ್ಲದ ಸುಮಾರು ಒಂದೂವರೆ ಲಕ್ಷ ವಲಸಿಗರಿಗೆ ತಲಾ 500 ಡಾಲರ್ ಕೊಡಲು ಏರ್ಪಾಡು ಮಾಡಿತು. ಹೊಲದ ಮತ್ತು ಆಹಾರ ಕಾರ್ಖಾನೆಗಳ ಕೆಲಸಗಾರರಿಗೆ ತಲಾ 600 ಡಾಲರ್ ಕೊಡುವ ಕೇಂದ್ರದ ಯೋಜನೆ ಪ್ರಕಟವಾದುದು 2021ರಲ್ಲಿ. ಅದನ್ನು ಹಂಚುವ ಸಂಸ್ಥೆಗಳ ಆಯ್ಕೆಯಾದುದು 2022ರಲ್ಲಿ. ಜ್ವರ ಬಂದು ಎರಡು ವರ್ಷಗಳಾದ ಮೇಲೆ ಜ್ವರದ ಮದ್ದು!

ಈ ವಿಳಂಬದ ಪರಿಣಾಮವನ್ನು ವೈದ್ಯರು ಕಂಡಿದ್ದೇವೆ. 2020ರ ಉತ್ತರಾರ್ಧದಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಸಲಿನಾಸ್ ಕಣಿವೆಯ ಚಿಕಿತ್ಸಾಲಯವೊಂದರ ಜೊತೆಗೂಡಿ ಸುಮಾರು 1,100 ಹೊಲದ ಕೆಲಸಗಾರರನ್ನು ಪರೀಕ್ಷಿಸಿದರು. ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಂಕು ಕಂಡಿತು. ರೋಗಲಕ್ಷಣಗಳಿದ್ದೂ ಕೆಲಸಕ್ಕೆ ಹೋದವರು ಅವರಲ್ಲಿ ಹಲವರಿದ್ದರು. ಹತ್ತು ದಿನ ಮನೆಯಲ್ಲಿರು, ಬೇರೆ ಕೋಣೆಯಲ್ಲಿ ಮಲಗು ಎಂದು ಚೀಟಿಯಲ್ಲಿ ಬರೆಯುವುದು ನಮಗೆ ಸುಲಭ. ದಿನಗೂಲಿಯವನಿಗೆ ಆ ಹತ್ತು ದಿನಗಳ ಅನ್ನವನ್ನು ಯಾರೂ ಬರೆದುಕೊಡಲಿಲ್ಲ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವವನಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಅಂಥವರಿಗಾಗಿ ರಾಜ್ಯ ಸರ್ಕಾರ ಹೋಟೆಲ್ ಕೋಣೆಗಳನ್ನು ಕಾದಿರಿಸಿದರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಕೂಲಿ ತಪ್ಪಿದರೆ ಮನೆಯವರ ಗತಿ ಏನೆಂಬ ಚಿಂತೆ ಸೋಂಕಿನ ಚಿಂತೆಗಿಂತ ದೊಡ್ಡದಾಗಿತ್ತು. ನೆರವಿನ ಹಣ ತಲುಪದ ಕಡೆ ವೈದ್ಯನ ಸಲಹೆಯೂ ತಲುಪುವುದಿಲ್ಲವೆಂಬ ಪಾಠವನ್ನು ಆ ವರ್ಷ ನಮಗೆ ಚೆನ್ನಾಗಿ ಕಲಿಸಿತು.

ನಮ್ಮ ಪಾಲಿನ ಕರ್ತವ್ಯ

ಇಷ್ಟು ವಿವರಗಳಿಂದ ಹೊರಡುವ ಸಾರ ಇದು: ನೆರವಿನ ಮೊತ್ತ ಎಷ್ಟೆಂಬುದಕ್ಕಿಂತ ಅದನ್ನು ಅಳೆಯುವ ಸೇರು ಯಾವುದೆಂಬುದು ಮುಖ್ಯ. ವಹಿವಾಟಿನಿಂದ ಅಳೆದರೆ ದೊಡ್ಡವನಿಗೆ ಹೆಚ್ಚು. ಪಹಣಿಯಿಂದ ಅಳೆದರೆ ಒಡೆಯನಿಗೆ ಮಾತ್ರ. ದುಡಿಮೆಯಿಂದ ಅಳೆಯುವ ಸೇರನ್ನು ಈ ಎರಡು ನಾಡುಗಳಲ್ಲಿ ಯಾವುದೂ ಸಕಾಲಕ್ಕೆ ಹೊರತೆಗೆಯಲಿಲ್ಲ. ಅಸಾಧ್ಯವೆಂದಲ್ಲ. ಒಡಿಶಾ ಸರ್ಕಾರವು ಸಾಂಕ್ರಾಮಿಕಕ್ಕೆ ಮುಂಚೆಯೇ ಆರಂಭಿಸಿದ್ದ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಉಳುವವರನ್ನೂ ಭೂಹೀನರನ್ನೂ ಸೇರಿಸಿತ್ತು. ಆಂಧ್ರಪ್ರದೇಶವು 2019ರಲ್ಲಿ ಕಾಯಿದೆ ಮಾಡಿ, ಮಾಲೀಕನ ಒಡೆತನಕ್ಕೆ ಧಕ್ಕೆಯಾಗದಂತೆ ಹನ್ನೊಂದು ತಿಂಗಳ ಅವಧಿಗೆ ಸಾಗುವಳಿದಾರನಿಗೆ ಗುರುತಿನ ಪತ್ರ ಕೊಡುವ ದಾರಿಯನ್ನು ತೋರಿಸಿತು. ನಷ್ಟ ಯಾರದು ಎಂಬ ಅಮೆರಿಕದ ಪ್ರಶ್ನೆಯನ್ನೂ, ಸಣ್ಣವನಿಗೆ ಮೊದಲು ಎಂಬ ಕರ್ನಾಟಕದ ಮಿತಿಯನ್ನೂ ಕೂಡಿಸಿದರೆ ಒಳ್ಳೆಯದೊಂದು ಅಳತೆ ಸಿದ್ಧವಾದೀತು.

ಸರ್ಕಾರಗಳು ಮಾಡುವುದನ್ನು ಮಾಡಲಿ. ನಮ್ಮ ಕೈಯಲ್ಲಿಯೇ ಇರುವ ಒಂದು ಕೆಲಸವಿದೆ. ಇಲ್ಲಿರುವ ಅನೇಕರ ಕುಟುಂಬಗಳಿಗೆ ಊರಿನಲ್ಲಿ ಪಿತ್ರಾರ್ಜಿತ ಜಮೀನುಂಟು. ಈ ಬಾರಿ ಊರಿಗೆ ಹೋದಾಗ, ಅಥವಾ ಭಾನುವಾರ ಫೋನ್ ಮಾಡಿದಾಗ, ಎರಡು ಮಾತು ವಿಚಾರಿಸಿ. ನಮ್ಮ ಹೊಲವನ್ನು ಇಂದು ಉಳುತ್ತಿರುವವರು ಯಾರು? ಬೆಳೆ ಹಾಳಾದಾಗ ಬರುವ ಪರಿಹಾರ ಯಾರ ಖಾತೆಗೆ ಹೋಗುತ್ತಿದೆ? ಅದು ನಮ್ಮ ತಂದೆಯವರ ಖಾತೆಗೋ ದೊಡ್ಡಪ್ಪನವರ ಖಾತೆಗೋ ಬರುತ್ತಿದ್ದರೆ, ಬಂಡವಾಳ ಹಾಕಿ ನಷ್ಟ ಅನುಭವಿಸಿದವನಿಗೆ ಅದನ್ನು ದಾಟಿಸಬೇಕೆಂದು ಮನೆಯವರೆಲ್ಲ ಕುಳಿತು ಒಪ್ಪಂದ ಮಾಡಿಕೊಳ್ಳಿ. ಒಡೆತನದ ಬಗ್ಗೆ ಅಂಜಿಕೆಯಿದ್ದರೆ ಊರಿನ ವಕೀಲರನ್ನು ಕೇಳಿ, ನಿಮಗೂ ಅವನಿಗೂ ಬಾಧಕವಿಲ್ಲದ ರೀತಿಯನ್ನು ತಿಳಿದುಕೊಳ್ಳಿ. ಮೊತ್ತ ಚಿಕ್ಕದು, ಕೆಲವೊಮ್ಮೆ ನಾವು ಇಲ್ಲಿ ಒಂದು ರಾತ್ರಿಯ ಊಟಕ್ಕೆ ಕೊಡುವಷ್ಟೇ ಇರಬಹುದು. ಹಣ ನಮಗೆ ಚಿಕ್ಕದಾಗಿದ್ದ ಮಾತ್ರಕ್ಕೆ ಅದನ್ನು ಕಳೆದುಕೊಂಡವನಿಗೂ ಚಿಕ್ಕದಾಗಿರಬೇಕೆಂದಿಲ್ಲ.

ಅಂತೆಯೇ ಇಲ್ಲಿನ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ, ಸ್ಟ್ರಾಬೆರಿಯ ಡಬ್ಬಿ ತೆರೆಯುವಾಗ, ಅದನ್ನು ಕಿತ್ತ ಕೈಗಳ ವಿಚಾರವನ್ನು ಮಕ್ಕಳಿಗೆ ಹೇಳೋಣ. ಮುಂದೆ ಇಂತಹ ಸಾಂಕ್ರಾಮಿಕ ಮತ್ತೆ ಬಾರದೆಂದು ವೈದ್ಯರಾದ ನಾವು ಭರವಸೆ ಕೊಡಲಾರೆವು. ಬಂದಾಗ ಸರ್ಕಾರದ ಪಟ್ಟಿಗಳು ತರಾತುರಿಯಲ್ಲಿ ತಯಾರಾಗುತ್ತವೆ; ಆ ಹೊತ್ತಿಗೆ ಕಾಗದದಲ್ಲಿ ಇಲ್ಲದವನು ಪಟ್ಟಿಯಲ್ಲಿಯೂ ಇರುವುದಿಲ್ಲ. ಆದ್ದರಿಂದ ಅವನ ಹೆಸರು ಬರೆಯುವ ಕೆಲಸ ಆರೋಗ್ಯದ ದಿನಗಳಲ್ಲಿಯೇ ಆಗಬೇಕು.